ಸ್ಪ್ರಿಂಗ್ ಇಲ್ಲದ ಬೈಕು, ಜಲ್ಲಿ ಎದ್ದ ರಸ್ತೆ: ಹಳೆಯ ಟಿಟಿ ರೇಸಿಗೆ ವೇಗ ಬಂದದ್ದು ಎಲ್ಲಿಂದ?

ಪ್ರಶ್ನೆ: ಎರಡು ಮಹಾಯುದ್ಧಗಳ ನಡುವಿನ ಕಾಲದ ಬೈಕ್ ರೇಸಿನ ಚಿತ್ರಗಳನ್ನು ನೋಡುತ್ತಿದ್ದೆ. ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲ. ಗೇರ್ ಹಾಕುವ ಸಲಾಕೆ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿದೆ. ಇಂಥ ಗಾಡಿಗಳಲ್ಲಿ ಬೆಟ್ಟದ ರಸ್ತೆಯ ಮೇಲೆ ಗಂಟೆಗೆ 140 ಕಿ.ಮೀ. ಸರಾಸರಿ ಹೇಗೆ ಸಾಧ್ಯವಾಯಿತು? ಎಂಜಿನ್ ಅಷ್ಟು ಬಲವಾಗಿತ್ತೇ? 1939ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಗೆದ್ದದ್ದು ಸೂಪರ್‌ಚಾರ್ಜರ್ ಒಂದರ ಬಲದಿಂದ ಎನ್ನುವುದು ನಿಜವೇ? ನನ್ನ ಹತ್ತಿರ ಮೈಸೂರಿನ ಹಳೆಯ ಯೆಜ್ಡಿ ಇದೆ. ಆ ಕಾಲದ ರೇಸಿಗೂ ನಮ್ಮ ಗಾಡಿಗಳಿಗೂ ಏನಾದರೂ ನಂಟಿದೆಯೇ?

ಉತ್ತರ: ಎಂಜಿನ್ನಿನ ಬಲ ಆ ಇಪ್ಪತ್ತು ವರ್ಷಗಳಲ್ಲಿ ಹೆಚ್ಚಿತು, ಅದರಲ್ಲಿ ಅನುಮಾನವಿಲ್ಲ. ಆದರೆ ವೇಗದ ದೊಡ್ಡ ಪಾಲು ಬಂದದ್ದು ಬೇರೆ ಕಡೆಯಿಂದ. ಸವಾರನ ಕೈಗೆ ಬಿಡುವು ಸಿಕ್ಕಿತು, ಚಕ್ರ ನೆಲ ಬಿಡದಂತಾಯಿತು, ಬ್ರೇಕನ್ನು ನಂಬಿ ತಿರುವಿನ ತನಕ ನುಗ್ಗುವಂತಾಯಿತು, ರಸ್ತೆಗೆ ಟಾರು ಬಂತು. ಎಂಜಿನ್ನಿನ ಕಥೆಗೆ ಸದ್ದು ಹೆಚ್ಚು, ಅದಕ್ಕೇ ಜನರ ನೆನಪಿನಲ್ಲಿ ಅದೇ ಉಳಿದಿದೆ. ಆ ಕಾಲದ ದಾಖಲೆಗಳನ್ನು ವರ್ಷ ವರ್ಷಕ್ಕೆ ಹೋಲಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಹೋಲಿಸಲು ಅತ್ಯುತ್ತಮ ಜಾಗ, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ (ಟೂರಿಸ್ಟ್ ಟ್ರೋಫಿ) ರೇಸು. ಇಂಗ್ಲೆಂಡಿನಲ್ಲಿ 1903ರ ಕಾನೂನು ಮೋಟಾರು ವಾಹನಗಳಿಗೆ ಗಂಟೆಗೆ 20 ಮೈಲಿಯ ಮಿತಿ ಹಾಕಿತ್ತು, ಸಾರ್ವಜನಿಕ ರಸ್ತೆ ಮುಚ್ಚಿ ರೇಸ್ ನಡೆಸಲು ಅಲ್ಲಿ ಅವಕಾಶವಿರಲಿಲ್ಲ. ಮ್ಯಾನ್ ದ್ವೀಪಕ್ಕೆ ತನ್ನದೇ ಶಾಸನಸಭೆ ಇದೆ, ಟಿನ್ವಾಲ್ಡ್ ಎಂದು ಅದರ ಹೆಸರು. ಅದು ರಸ್ತೆ ಮುಚ್ಚಲು ಒಪ್ಪಿತು. 1907ರಲ್ಲಿ ಬೈಕುಗಳ ಟಿಟಿ ಶುರುವಾಯಿತು, 1911ರಲ್ಲಿ ಬೆಟ್ಟದ ಸುತ್ತಿಗೆ ಹೋಯಿತು. ಒಂದು ಸುತ್ತು ಸುಮಾರು 60 ಕಿ.ಮೀ., ಇನ್ನೂರಕ್ಕೂ ಹೆಚ್ಚು ತಿರುವು. ಸಮುದ್ರದ ಪಕ್ಕದ ಊರಿನಿಂದ ಹೊರಟು, ಹಳ್ಳಿಗಳ ಕಲ್ಲುಗೋಡೆಗಳ ನಡುವೆ ಹಾದು, ಸ್ನೇಫೆಲ್ ಬೆಟ್ಟದ ಮಗ್ಗುಲಲ್ಲಿ 400 ಮೀಟರಿಗೂ ಮೇಲೆ ಹತ್ತಿ ಇಳಿಯುವ ದಾರಿ. ಯುದ್ಧ ಮುಗಿದು 1920ರಲ್ಲಿ ರೇಸ್ ಮತ್ತೆ ಶುರುವಾದಾಗ ದಾರಿಯಲ್ಲಿ ಚಿಕ್ಕ ಬದಲಾವಣೆ ಮಾಡಿದರು. ಅಲ್ಲಿಂದ 1939ರವರೆಗೂ ಬಹುಮಟ್ಟಿಗೆ ಅದೇ ಸುತ್ತು. ಸೀನಿಯರ್ ರೇಸಿಗೆ ಎಂಜಿನ್ ಮಿತಿಯೂ ಅದೇ 500 ಸಿ.ಸಿ. ಅಂದರೆ ದಾರಿ ಒಂದೇ, ಎಂಜಿನ್ನಿನ ಅಳತೆ ಒಂದೇ. ಇಂಥ ಹೋಲಿಕೆ ಮೋಟಾರು ಚರಿತ್ರೆಯಲ್ಲಿ ಅಪರೂಪ.

1920ರಲ್ಲಿ ಸನ್‌ಬೀಮ್ ಗಾಡಿಯ ಮೇಲೆ ಜಾರ್ಜ್ ಡ್ಯಾನ್ಸ್ ಹಾಕಿದ ಅತಿ ವೇಗದ ಸುತ್ತಿಗೆ 40 ನಿಮಿಷ 43 ಸೆಕೆಂಡ್ ಹಿಡಿಯಿತು. 1938ರಲ್ಲಿ ಹೆರಾಲ್ಡ್ ಡ್ಯಾನಿಯಲ್ ನಾರ್ಟನ್ ಮೇಲೆ ಅದೇ ಸುತ್ತನ್ನು 24 ನಿಮಿಷ 52.6 ಸೆಕೆಂಡಿನಲ್ಲಿ ಮುಗಿಸಿದರು. ಗಂಟೆಗೆ 55.62 ಮೈಲಿಯಿಂದ 91 ಮೈಲಿಗೆ, ಅಂದರೆ ಸುಮಾರು 89 ಕಿ.ಮೀ.ನಿಂದ 146 ಕಿ.ಮೀ.ಗೆ. ಡ್ಯಾನಿಯಲ್ ದಪ್ಪ ಕನ್ನಡಕದ ಮನುಷ್ಯ. ನೋಡಿದವರು ಯಾರೂ ರೇಸ್ ಸವಾರ ಎನ್ನುತ್ತಿರಲಿಲ್ಲ.

1920ರ ಗಾಡಿಯ ಮೇಲೆ ಕುಳಿತವನಿಗೆ ಎಷ್ಟು ಕೆಲಸವಿತ್ತು ನೋಡಿ. ಆಕ್ಸಿಲರೇಟರ್ ಹ್ಯಾಂಡಲ್ಲಿನ ಹಿಡಿಯಲ್ಲಿ ತಿರುಗುವಂಥದಲ್ಲ, ಹೆಬ್ಬೆರಳಿನಿಂದ ನೂಕುವ ಪುಟ್ಟ ಸಲಾಕೆ. ಪೆಟ್ರೋಲಿಗೆ ಒಂದು, ಗಾಳಿಗೆ ಇನ್ನೊಂದು. ಕಿಡಿ ಹತ್ತುವ ಸಮಯವನ್ನು ಹಿಂದೆ ಮುಂದೆ ಮಾಡಲು ಮತ್ತೊಂದು. ಎಂಜಿನ್ ಆಯಿಲ್ ತಾನಾಗಿ ಸುತ್ತಿ ಬರುತ್ತಿರಲಿಲ್ಲ. ಟ್ಯಾಂಕಿನ ಮೇಲಿದ್ದ ಕೈಪಂಪನ್ನು ಸವಾರ ಆಗಾಗ ಒತ್ತಬೇಕು, ಒತ್ತಿದ ಎಣ್ಣೆ ಎಂಜಿನ್ನಿಗೆ ಹೋಗಿ ಉರಿದು ಇಲ್ಲವೇ ಸೋರಿ ಮುಗಿಯುತ್ತಿತ್ತು. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚು ಒತ್ತಿದರೆ ಪ್ಲಗ್ಗಿಗೆ ಮಸಿ. ಇದರ ಮೇಲೆ ಗೇರ್. ಬಲಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಟ್ಯಾಂಕಿನ ಪಕ್ಕದ ಸಲಾಕೆ ಹಿಡಿದು ಎಳೆಯಬೇಕು. ಅಷ್ಟು ಹೊತ್ತು ಗಾಡಿಯನ್ನು ಒಂದೇ ಕೈ ಹಿಡಿದಿರುತ್ತದೆ. ಗೇರ್ ಬೇಕಾಗುವುದು ತಿರುವಿನಲ್ಲಿ, ಎರಡೂ ಕೈ ಬೇಕಾಗುವುದೂ ಅಲ್ಲೇ.

ರಸ್ತೆಯ ಪಾಡು ಇನ್ನೂ ಕಷ್ಟ. ಬೆಟ್ಟದ ಮೇಲಿನ ಭಾಗ ಬಂಡಿದಾರಿಗಿಂತ ಸ್ವಲ್ಪ ವಾಸಿ ಅಷ್ಟೆ. ಮಳೆ ಬಂದರೆ ಕೆಸರು, ಬಿಸಿಲಾದರೆ ದೂಳು, ಮುಂದಿನ ಗಾಡಿ ಎಬ್ಬಿಸಿದ ಜಲ್ಲಿ ಕನ್ನಡಕಕ್ಕೇ ಬಡಿಯುತ್ತಿತ್ತು. ಕುರಿಗಳು ದಾಟದಿರಲೆಂದು ಬೆಟ್ಟದ ದಾರಿಗೆ ಗೇಟು ಹಾಕಿರುತ್ತಿದ್ದರು. ಆರಂಭದ ವರ್ಷಗಳಲ್ಲಿ ಬೆಳಗಿನ ಅಭ್ಯಾಸಕ್ಕೆ ಮೊದಲು ಹೊರಟ ಸವಾರನೇ ಅವುಗಳನ್ನು ತೆಗೆದುಕೊಂಡು ಹೋಗಬೇಕಾಗಿತ್ತು. ಟೈರಿನ ಅಂಚು ಗಾಳಿಯ ಒತ್ತಡದಿಂದಲೇ ರಿಮ್ಮಿಗೆ ಕಚ್ಚಿಕೊಂಡಿರುತ್ತಿತ್ತು. ಪಂಚರಾದರೆ ಟೈರೇ ಕಳಚಿ ಬರುವ ಭಯ. ಅಂಚಿನೊಳಗೆ ತಂತಿ ಇರುವ ಟೈರುಗಳು ಬಳಕೆಗೆ ಬಂದದ್ದು ಇಪ್ಪತ್ತರ ದಶಕದ ನಡುವಿನ ಹೊತ್ತಿಗೆ.

ಆ ಕಾಲದ ಫಲಿತಾಂಶಗಳೂ ಇದೇ ಮಾತು ಹೇಳುತ್ತವೆ. 1920ರ ಜೂನಿಯರ್ ರೇಸಿನಲ್ಲಿ, ಅಂದರೆ 350 ಸಿ.ಸಿ. ಗಾಡಿಗಳ ರೇಸಿನಲ್ಲಿ, ಸಿರಿಲ್ ವಿಲಿಯಮ್ಸ್ ಎಷ್ಟು ಮುಂದಿದ್ದರೆಂದರೆ, ಕೊನೆಯ ಸುತ್ತಿನಲ್ಲಿ ಅವರ ಎಜೆಎಸ್ ಕೆಟ್ಟು ನಿಂತಾಗ ಇಳಿಜಾರಿನಲ್ಲಿ ಉರುಳಿಸಿಕೊಂಡು, ಉಳಿದ ಕಡೆ ತಳ್ಳಿಕೊಂಡು ಬಂದು ಗೆದ್ದರು. ಮರುವರ್ಷ ಹೊವರ್ಡ್ ಡೇವಿಸ್ ಮಾಡಿದ್ದು ಇನ್ನೂ ದೊಡ್ಡದು. ಜೂನಿಯರ್ ರೇಸಿನಲ್ಲಿ ಪಂಚರಾಗಿ ಎರಡನೆಯವರಾದ ಅವರು 350 ಸಿ.ಸಿ. ಎಜೆಎಸ್ ತೆಗೆದುಕೊಂಡು ಸೀನಿಯರ್ ರೇಸಿಗೆ ಇಳಿದು, 500 ಸಿ.ಸಿ. ಗಾಡಿಗಳನ್ನೆಲ್ಲ ಹಿಂದೆ ಹಾಕಿದರು. ಜೂನಿಯರ್ ಅಳತೆಯ ಗಾಡಿ ಸೀನಿಯರ್ ಗೆದ್ದದ್ದು ಅದೇ ಮೊದಲು. ಹಗುರ ಗಾಡಿ, ಹಿಡಿತಕ್ಕೆ ಸಿಗುವ ಗಾಡಿ, ಕೊನೆಯವರೆಗೆ ಉಳಿಯುವ ಗಾಡಿ ಆ ರಸ್ತೆಗೆ ಬೇಕಾಗಿತ್ತು. ಡೇವಿಸ್ ಮುಂದೆ ತಮ್ಮ ಹೆಸರಿನ ಮೊದಲಕ್ಷರಗಳಲ್ಲೇ ಎಚ್‌ಆರ್‌ಡಿ ಎಂಬ ಗಾಡಿ ಕಟ್ಟಿ, ಅದನ್ನೇ ಓಡಿಸಿ 1925ರ ಸೀನಿಯರ್ ಗೆದ್ದರು. ತಾನೇ ಕಟ್ಟಿದ ಗಾಡಿಯನ್ನು ತಾನೇ ಓಡಿಸಿ ಗೆಲ್ಲುವುದಕ್ಕಿಂತ ಹೆಚ್ಚಿನ ಗೆಲುವು ಈ ಆಟದಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಇಪ್ಪತ್ತರ ದಶಕದಲ್ಲಿ ಸುತ್ತಿನ ವೇಗ ಏರಿದ್ದನ್ನು ಒಬ್ಬ ಸವಾರನ ಹೆಸರಿನಲ್ಲೇ ಹೇಳಿಬಿಡಬಹುದು. ಜಿಮ್ಮಿ ಸಿಂಪ್ಸನ್ 1924ರಲ್ಲಿ 60 ಮೈಲಿ, 1926ರಲ್ಲಿ 70 ಮೈಲಿ, 1931ರಲ್ಲಿ 80 ಮೈಲಿ ಸರಾಸರಿಯನ್ನು ಮೊದಲ ಬಾರಿಗೆ ದಾಟಿದರು. ಇಷ್ಟಾದರೂ ಅವರು ಗೆದ್ದ ಟಿಟಿ ಒಂದೇ, 1934ರ ಲೈಟ್‌ವೇಟ್, ಅಂದರೆ 250 ಸಿ.ಸಿ. ರೇಸು. ಗಾಡಿಯನ್ನು ಅಷ್ಟು ಹಿಂಡಿದರೆ ಅದು ಏಳು ಸುತ್ತು, 400 ಕಿ.ಮೀ.ಗೂ ಹೆಚ್ಚು ದೂರ, ಬಾಳಬೇಕಲ್ಲ. ಅದೇ ವರ್ಷಗಳಲ್ಲಿ ರಿಮ್ಮಿಗೆ ಒತ್ತುವ ಸೈಕಲ್ ಬ್ರೇಕು ಹೋಗಿ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು ಬಂತು. ಕೈಪಂಪಿನ ಜಾಗದಲ್ಲಿ ಎಣ್ಣೆಯನ್ನು ತಾನೇ ಸುತ್ತಿಸಿ ಮರಳಿಸುವ ಪಂಪು ಬಂತು. ಹಿಡಿಯಲ್ಲೇ ತಿರುಗುವ ಆಕ್ಸಿಲರೇಟರ್ ಬಂತು. ದಾರಿಗೆ ಹಂತ ಹಂತವಾಗಿ ಟಾರು ಬಿತ್ತು.

ಎಂಜಿನ್ನಿನಲ್ಲೂ ಬದಲಾವಣೆ ಆಯಿತು. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದ ಎಂಜಿನ್ ಸೀನಿಯರ್ ಗೆದ್ದದ್ದು ಕೊನೆಯದಾಗಿ 1922ರಲ್ಲಿ, ಸನ್‌ಬೀಮ್ ಮೇಲೆ ಅಲೆಕ್ ಬೆನೆಟ್. ಅದೇ ಬೆನೆಟ್ 1927ರಲ್ಲಿ ನಾರ್ಟನ್ನಿನ ಹೊಸ ಎಂಜಿನ್ನಿನಲ್ಲಿ ಗೆದ್ದಾಗ ವಾಲ್ವು ತೆರೆಯುವ ಕ್ಯಾಮ್ ಸಿಲಿಂಡರಿನ ತಲೆಯ ಮೇಲೇ ಕುಳಿತಿತ್ತು. ಆದರೆ ಮುಂದಿನ ಎರಡು ವರ್ಷ ಚಾರ್ಲಿ ಡಾಡ್ಸನ್ ಹಳೆಯ ಪುಶ್‌ರಾಡ್ (ಕೆಳಗಿನ ಕ್ಯಾಮ್ ಉದ್ದ ಕಡ್ಡಿಯ ಮೂಲಕ ವಾಲ್ವು ತೆರೆಯುವ) ಸನ್‌ಬೀಮ್ ಮೇಲೆ ಸೀನಿಯರ್ ಗೆದ್ದರು, 1930ರಲ್ಲಿ ಪುಶ್‌ರಾಡಿನದೇ ರಡ್ಜ್ ಗೆದ್ದಿತು. ಹೊಸ ಎಂಜಿನ್ ಬಂದ ಮಾತ್ರಕ್ಕೆ ಹಳೆಯದು ಸೋಲಲಿಲ್ಲ.

ನನ್ನ ಮಟ್ಟಿಗೆ ಆ ದಶಕದ ಅತಿ ಮುಖ್ಯ ಆವಿಷ್ಕಾರ ಎಂಜಿನ್ನಿನಲ್ಲೇ ಆದದ್ದಲ್ಲ. 1928ರ ಹೊತ್ತಿಗೆ ವೆಲೊಸೆಟ್ ಕಂಪನಿಯ ಹೆರಾಲ್ಡ್ ವಿಲ್ಲಿಸ್, ಎಂಜಿನಿಯರರೂ ಹೌದು ಸವಾರರೂ ಹೌದು, ಕಾಲಿನ ಗೇರಿಗೆ ಒಂದು ಯಂತ್ರವ್ಯವಸ್ಥೆ ಕಂಡುಹಿಡಿದರು. ಕಾಲಿನ ಗೇರ್ ಅದಕ್ಕೂ ಮೊದಲೇ ಇತ್ತು. ಆದರೆ ಒಂದೇ ಸಲಾಕೆ ಮೊದಲ ಗೇರಿನಿಂದ ಕೊನೆಯ ಗೇರಿನವರೆಗೆ ಉದ್ದಕ್ಕೆ ಚಲಿಸುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ಪಾದದ ಅಂದಾಜಿನಲ್ಲಿ ಹುಡುಕಬೇಕು, ತಪ್ಪಿದರೆ ನ್ಯೂಟ್ರಲ್, ಎಂಜಿನ್ ಕಿರುಚುತ್ತದೆ. ವಿಲ್ಲಿಸ್ ಮಾಡಿದ ವ್ಯವಸ್ಥೆಯಲ್ಲಿ ಒಂದು ತಳ್ಳಿಗೆ ಒಂದೇ ಗೇರ್ ಬದಲಾಗುತ್ತದೆ, ಸಲಾಕೆ ತಾನಾಗಿ ನಡುವಿಗೆ ಮರಳುತ್ತದೆ. ಮುಂದಿನ ಗೇರಿಗೆ ಪಾದ ಮತ್ತೆ ಅಲ್ಲಿಂದಲೇ ಶುರು. 1928ರ ಜೂನಿಯರ್ ರೇಸಿನಲ್ಲಿ ವೆಲೊಸೆಟ್ ಗಾಡಿಗಳು ಮೊದಲ ಎರಡು ಸ್ಥಾನ ಹಿಡಿದವು. ಬೆನೆಟ್ ಮೊದಲು, ವಿಲ್ಲಿಸ್ ಎರಡನೆಯವರು. ಕೆಲವೇ ವರ್ಷಗಳಲ್ಲಿ ರೇಸಿನ ಗಾಡಿಗಳೆಲ್ಲ ಈ ಬಗೆಯ ಗೇರಿಗೆ ತಿರುಗಿದವು.

ನಿಮ್ಮ ಯೆಜ್ಡಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಎಡಗಾಲಿನಲ್ಲಿ ನೀವು ಹಾಕುವ ಗೇರ್ ಒಂದೊಂದು ಸಲವೂ ನಡುವಿಗೆ ಮರಳುತ್ತದಲ್ಲ, ಅದು ವಿಲ್ಲಿಸ್ ತೋರಿಸಿದ ದಾರಿ. ಇಂದು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡುವ ಪ್ರತಿ ಗೇರ್ ಬೈಕಿನಲ್ಲೂ ಅದೇ ತತ್ವ ಇದೆ. ಇನ್ನೊಂದು ನೇರ ನಂಟೂ ಉಂಟು. ಯೆಜ್ಡಿ ತಯಾರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಗಾಡಿಯ ವಿನ್ಯಾಸ ಬಂದದ್ದು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ. ಆ ಕಂಪನಿ ಮೂವತ್ತರ ದಶಕದ ಆರಂಭದಲ್ಲಿ ತನ್ನ ಗಾಡಿಗಳನ್ನು ರೂಪಿಸಲು ಕರೆಸಿಕೊಂಡದ್ದು ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ವಿನ್ಯಾಸಕಾರರನ್ನು. ಅವರು ಸ್ವತಃ ರೇಸ್ ಸವಾರರಾಗಿದ್ದವರು.

ಇನ್ನು ನಿಮ್ಮನ್ನು ಅಚ್ಚರಿಗೊಳಿಸಿದ ಆ ಸ್ಪ್ರಿಂಗಿನ ವಿಷಯ. ಮುಂದಿನ ಚಕ್ರವನ್ನು ಹಿಡಿದದ್ದು ಗರ್ಡರ್ ಫೋರ್ಕು ಎಂಬ ಗಟ್ಟಿ ಕವಲು, ಅದಕ್ಕೊಂದು ಸ್ಪ್ರಿಂಗ್ ಇತ್ತು. ಹಿಂದಿನ ಚಕ್ರ ಮಾತ್ರ ಚೌಕಟ್ಟಿಗೆ ಬಿಗಿಯಾಗಿ ಕೂತಿತ್ತು. ಎತ್ತಿನ ಬಂಡಿಯ ಅಚ್ಚಿನ ಹಾಗೆ, ರಸ್ತೆಯ ಪ್ರತಿ ಉಬ್ಬೂ ಸೀದಾ ಬೆನ್ನಿಗೆ. ಸವಾರರು ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಳ್ಳುತ್ತಿದ್ದರು. ಬೆನ್ನುನೋವನ್ನು ಸಹಿಸಿಕೊಳ್ಳಬಹುದು, ವೇಗದ ನಷ್ಟ ಇನ್ನೂ ದೊಡ್ಡದು. ಉಬ್ಬಿನ ಮೇಲೆ ಚಕ್ರ ಗಾಳಿಗೆದ್ದರೆ ಅಷ್ಟು ಹೊತ್ತು ಎಂಜಿನ್ನಿನ ಬಲವೆಲ್ಲ ವ್ಯರ್ಥ. ಮತ್ತೆ ನೆಲಕ್ಕೆ ಬಿದ್ದಾಗ ಚೈನಿಗೂ ಗೇರ್‌ಬಾಕ್ಸಿಗೂ ಏಟು. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಾಕಿದರೆ ಪ್ರಯೋಜನವಿಲ್ಲ. ಉಬ್ಬುತಗ್ಗಿನ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಹಾರಿಕೊಂಡು ಹೋಗುತ್ತಿತ್ತು, ಸವಾರ ವೇಗ ಇಳಿಸದೆ ಗತ್ಯಂತರವಿಲ್ಲ. ಇಷ್ಟಾದರೂ ಇಂಗ್ಲಿಷ್ ಕಂಪನಿಗಳು ಬಹಳ ದಿನ ಸ್ಪ್ರಿಂಗನ್ನು ಒಪ್ಪಲಿಲ್ಲ. ತೂಕ ಹೆಚ್ಚುತ್ತದೆ, ಚೌಕಟ್ಟು ಬಳುಕುತ್ತದೆ ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿತ್ತು, ಏಕೆಂದರೆ ಹಿಂದಿನ ಪ್ರಯತ್ನಗಳು ನಿಜಕ್ಕೂ ಬಳುಕುತ್ತಿದ್ದವು.

ಆ ವಾದ ಮುರಿದದ್ದು 1935ರಲ್ಲಿ. ಆ ರೇಸಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸ್ಟ್ಯಾನ್ಲಿ ವುಡ್ಸ್ ಐರ್ಲೆಂಡಿನ ಡಬ್ಲಿನ್ನಿನವರು. 1922ರಲ್ಲಿ ಮೊದಲ ಸಲ ಟಿಟಿಗೆ ಬಂದಾಗ ಹದಿನೆಂಟರ ಹುಡುಗ. ಪೆಟ್ರೋಲ್ ತುಂಬುವಾಗ ಗಾಡಿಗೆ ಬೆಂಕಿ ಹತ್ತಿಕೊಂಡರೂ ಐದನೆಯವನಾಗಿ ಮುಗಿಸಿದವರು. 1932 ಮತ್ತು 1933ರಲ್ಲಿ ನಾರ್ಟನ್ ಮೇಲೆ ಜೂನಿಯರ್, ಸೀನಿಯರ್ ಎರಡನ್ನೂ ಗೆದ್ದು, ಆಮೇಲೆ ಆ ತಂಡವನ್ನು ಬಿಟ್ಟರು. 1935ಕ್ಕೆ ಇಟಲಿಯ ಮೋಟೊ ಗುಟ್ಸಿ ಸೇರಿಕೊಂಡರು. ಗುಟ್ಸಿಯ ಗಾಡಿಯಲ್ಲಿ ಎರಡು ಸಿಲಿಂಡರ್, ಅವುಗಳ ನಡುವೆ 120 ಡಿಗ್ರಿ ಕೋನ, ಹಿಂದಿನ ಚಕ್ರಕ್ಕೆ ಸ್ಪ್ರಿಂಗ್. ಎದುರಾಳಿ ನಾರ್ಟನ್ನಿನ ಜಿಮ್ಮಿ ಗತ್ರಿ, ಸ್ಕಾಟ್ಲೆಂಡಿನ ಹಾಯಿಕ್ ಊರಿನವರು, ಹಿಂದಿನ ವರ್ಷ ಎರಡೂ ರೇಸ್ ಗೆದ್ದವರು. ಅವರ ಗಾಡಿಯ ಹಿಂಭಾಗ ಇನ್ನೂ ಬಿಗಿಯಾಗಿಯೇ ಇತ್ತು.

ಟಿಟಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಆಗ ಅರ್ಧ ನಿಮಿಷಕ್ಕೊಬ್ಬರಂತೆ ಬಿಡುತ್ತಿದ್ದರು, ಗೆಲುವು ಗಡಿಯಾರದ ಲೆಕ್ಕ. ಗತ್ರಿ ಒಂದನೆಯವರಾಗಿ ಹೊರಟರು, ವುಡ್ಸ್ ಮೂವತ್ತನೆಯವರು. ಹದಿನಾಲ್ಕೂವರೆ ನಿಮಿಷದ ಅಂತರ, ಇಬ್ಬರೂ ಒಬ್ಬರನ್ನೊಬ್ಬರು ದಾರಿಯಲ್ಲಿ ನೋಡಲೇ ಇಲ್ಲ. ಕೊನೆಯ ಸುತ್ತು ಶುರುವಾಗುವಾಗ ಗತ್ರಿ 26 ಸೆಕೆಂಡ್ ಮುಂದಿದ್ದರು. ಗುಟ್ಸಿ ತಂಡ ವುಡ್ಸ್ ಪೆಟ್ರೋಲಿಗೆ ನಿಲ್ಲುತ್ತಾರೆ ಎಂಬಂತೆ ಎಲ್ಲವನ್ನೂ ಸಿದ್ಧ ಮಾಡಿಟ್ಟಿತು. ನಾರ್ಟನ್ ಕಡೆಯವರು ಅದನ್ನು ನಂಬಿ, ಗತ್ರಿಗೆ ಅವಸರ ಬೇಡ ಎಂದು ಸನ್ನೆ ಮಾಡಿದರು. ವುಡ್ಸ್ ನಿಲ್ಲದೆ ಹಾದುಹೋದರು. ನಾರ್ಟನ್ನವರಿಗೆ ಅರಿವಾಗುವ ಹೊತ್ತಿಗೆ ಗತ್ರಿಗೆ ಸುದ್ದಿ ಮುಟ್ಟಿಸಲು ಸಮಯ ಮೀರಿತ್ತು. ಗತ್ರಿ ಬಂದು ಮುಟ್ಟಿದರು, ಗೆದ್ದವರೆಂದು ಎಲ್ಲರೂ ಕೈಕುಲುಕಿದರು. ಆಮೇಲೆ ವುಡ್ಸ್ ಬಂದರು. ಕೊನೆಯ ಸುತ್ತನ್ನು ಗಂಟೆಗೆ 86.53 ಮೈಲಿಯಂತೆ ಓಡಿಸಿ, ಅಂದಿಗೆ ಅದು ಹೊಸ ದಾಖಲೆ, ಒಟ್ಟು 4 ಸೆಕೆಂಡಿನಿಂದ ಗೆದ್ದಿದ್ದರು. ಮೂರು ಗಂಟೆಗೂ ಹೆಚ್ಚಿನ ಓಟಕ್ಕೆ 4 ಸೆಕೆಂಡ್!

ಪೆಟ್ರೋಲಿನ ತಂತ್ರವೇ ಗೆಲ್ಲಿಸಿತು ಎಂದು ಈ ಕಥೆಯನ್ನು ಹೇಳುವುದು ವಾಡಿಕೆ. ಅದು ಅರ್ಧ ಸತ್ಯ ಎನ್ನುತ್ತೇನೆ. ಆರು ಸುತ್ತು ಓಡಿದ ಮೇಲೂ ಅಂಥ ದಾಖಲೆ ಹಾಕುವಷ್ಟು ಕಸುವು ವುಡ್ಸ್ ಮೈಯಲ್ಲಿ ಉಳಿದಿತ್ತು. ಅದು ಹಿಂದಿನ ಸ್ಪ್ರಿಂಗಿನ ಕೊಡುಗೆಯೂ ಹೌದು. ಮರುವರ್ಷವೇ ನಾರ್ಟನ್ ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಹಾಕಿತು, ವೆಲೊಸೆಟ್ಟೂ ಹಾಕಿತು. ಅಷ್ಟು ವರ್ಷದ ವಾದವನ್ನು ಒಂದು ರೇಸು ಮುಗಿಸಿತು. 1937ರಲ್ಲಿ ಫ್ರೆಡ್ಡಿ ಫ್ರಿತ್ 90 ಮೈಲಿ ಸರಾಸರಿ ದಾಟಿದ್ದು, ಮರುವರ್ಷ ಡ್ಯಾನಿಯಲ್ 91 ತಲುಪಿದ್ದು ಸ್ಪ್ರಿಂಗ್ ಇರುವ ನಾರ್ಟನ್ನಿನ ಮೇಲೆ. ಎಂಜಿನ್ ಅದೇ ಒಂಟಿ ಸಿಲಿಂಡರಿನದು.

ಈ ವೇಗಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. 1927ರವರೆಗೆ ಅಭ್ಯಾಸದ ಹೊತ್ತಿನಲ್ಲಿ ರಸ್ತೆ ಮುಚ್ಚುತ್ತಿರಲಿಲ್ಲ. ಹಾಲಿನವರು, ಮೀನಿನವರು ಎಂದಿನಂತೆ ಓಡಾಡುತ್ತಿದ್ದರು. ಆ ವರ್ಷ ಆರ್ಚಿ ಬರ್ಕಿನ್ ಎಂಬ ಸವಾರ ಅಭ್ಯಾಸದಲ್ಲಿ ಎದುರು ಬಂದ ಮೀನಿನ ವ್ಯಾನನ್ನು ತಪ್ಪಿಸಲು ಹೋಗಿ ಸತ್ತರು. 1928ರಿಂದ ಅಭ್ಯಾಸಕ್ಕೂ ರಸ್ತೆ ಮುಚ್ಚತೊಡಗಿದರು. ಗತ್ರಿ 1937ರ ಆಗಸ್ಟಿನಲ್ಲಿ ಜರ್ಮನಿಯ ಸಾಕ್ಸನ್‌ರಿಂಗ್‌ನಲ್ಲಿ ಮುಂದಿದ್ದಾಗಲೇ, ಕೊನೆಯ ಸುತ್ತಿನಲ್ಲಿ ಬಿದ್ದು ತೀರಿಕೊಂಡರು. ಮ್ಯಾನ್ ಬೆಟ್ಟದ ದಾರಿಯಲ್ಲಿ ಅವರ ಹೆಸರಿನ ಕಲ್ಲಿನ ಸ್ಮಾರಕವಿದೆ.

ಈಗ 1939. ಜಾರ್ಜ್ ಮೈಯರ್ ಸೂಪರ್‌ಚಾರ್ಜರ್ ಇದ್ದ ಬಿಎಂಡಬ್ಲ್ಯು ಮೇಲೆ ಸೀನಿಯರ್ ಗೆದ್ದದ್ದು ನಿಜ. ವಿದೇಶಿ ಗಾಡಿಯ ಮೇಲೆ ವಿದೇಶಿ ಸವಾರ ಸೀನಿಯರ್ ಗೆದ್ದದ್ದು ಅದೇ ಮೊದಲು. ಎರಡನೆಯವರಾಗಿ ಬಂದ ಜಾಕ್ ವೆಸ್ಟ್ ಓಡಿಸಿದ್ದೂ ಬಿಎಂಡಬ್ಲ್ಯು, ಆದರೆ ಅವರು ಇಂಗ್ಲಿಷರು. ಸೂಪರ್‌ಚಾರ್ಜರ್ ಎಂದರೆ ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿ, ಪೆಟ್ರೋಲನ್ನು ಒತ್ತಿ ತುಂಬುವ ಯಂತ್ರ. ಅಂದಿನ ನಿಯಮದಲ್ಲಿ ಅದಕ್ಕೆ ತಡೆ ಇರಲಿಲ್ಲ, ಹಾಗಾಗಿ ಮೋಸದ ಮಾತು ಬರುವುದಿಲ್ಲ. ಅದೊಂದರಿಂದಲೇ ಗೆದ್ದರು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೈಯರ್ ಅಂದು ಹಾಕಿದ ಅತಿ ವೇಗದ ಸುತ್ತು ಗಂಟೆಗೆ 90.75 ಮೈಲಿ. ಹಿಂದಿನ ವರ್ಷ ಡ್ಯಾನಿಯಲ್ ಸೂಪರ್‌ಚಾರ್ಜರ್ ಇಲ್ಲದ, ಬಲದಲ್ಲಿ ಹಿಂದಿದ್ದ ಒಂಟಿ ಸಿಲಿಂಡರ್ ನಾರ್ಟನ್ನಿನಲ್ಲಿ ಹಾಕಿದ್ದ ದಾಖಲೆಯನ್ನು ಅವರು ಮುಟ್ಟಲಿಲ್ಲ, 4 ಸೆಕೆಂಡ್ ಹಿಂದೆ ಉಳಿದರು. ನೇರ ರಸ್ತೆಯಲ್ಲಿ ಗಳಿಸಿದ್ದನ್ನು ಬಿಎಂಡಬ್ಲ್ಯು ತಿರುವುಗಳಲ್ಲಿ ಕಳೆದುಕೊಳ್ಳುತ್ತಿತ್ತು.

ಹಾಗಾದರೆ ಗೆದ್ದದ್ದು ಹೇಗೆ? ನಾರ್ಟನ್ ಆ ವರ್ಷ ಸೈನ್ಯಕ್ಕೆ ಗಾಡಿ ಮಾಡುವ ಕೆಲಸದಲ್ಲಿ ಮುಳುಗಿ, ಕಂಪನಿಯ ತಂಡವನ್ನೇ ಕಳಿಸಲಿಲ್ಲ. ಫ್ರಿತ್, ಡ್ಯಾನಿಯಲ್ ಹಳೆಯ ಗಾಡಿಗಳಲ್ಲಿ ಬಂದಿದ್ದರು, ಫ್ರಿತ್ ಮೂರನೆಯವರಾದರು. ಮೈಯರ್ ಓಡಿಸಿದ ಗಾಡಿ ಬರೀ ಸೂಪರ್‌ಚಾರ್ಜರೂ ಅಲ್ಲ. ಮುಂದೆ ಒಂದು ಕೊಳವೆಯೊಳಗೆ ಇನ್ನೊಂದು ಜಾರುವ ಟೆಲಿಸ್ಕೋಪಿಕ್ ಫೋರ್ಕ್, ಹಿಂದೆ ಸ್ಪ್ರಿಂಗ್, ನೆಲಕ್ಕೆ ತಗ್ಗಾಗಿ ಎರಡು ಕಡೆ ಚಾಚಿದ ಸಿಲಿಂಡರುಗಳು. ಇದರ ಮೇಲೆ ಮೈಯರರ ಸ್ವಂತ ಸ್ಥೈರ್ಯ. ಅವರ ಜೊತೆಯ ಸವಾರ ಕಾರ್ಲ್ ಗಾಲ್ ಅಭ್ಯಾಸದಲ್ಲಿ ಬಿದ್ದು ಸತ್ತಿದ್ದರು. ಆ ದುಃಖವನ್ನು ಹೊತ್ತುಕೊಂಡೇ ಅವರು ರೇಸಿಗೆ ಇಳಿದರು. ಜರ್ಮನ್ ಸರ್ಕಾರ ಆ ಗೆಲುವನ್ನು ಪ್ರಚಾರಕ್ಕೆ ಬಳಸಿಕೊಂಡಿತು. ಸವಾರಿಯ ಹಿರಿಮೆಯನ್ನು ಅದರಿಂದ ಬೇರ್ಪಡಿಸಿಯೇ ನೋಡಬೇಕೆಂದು ನನ್ನ ಅಭಿಪ್ರಾಯ.

ಸೂಪರ್‌ಚಾರ್ಜರಿನ ನಿಜವಾದ ಬಲ ಕಂಡದ್ದು ಬೇರೆ ರಸ್ತೆಗಳಲ್ಲಿ. ಉತ್ತರ ಐರ್ಲೆಂಡಿನ ಅಲ್ಸ್ಟರ್ ಗ್ರಾಂಪ್ರಿ ನಡೆಯುತ್ತಿದ್ದ ಕ್ಲೇಡಿ ದಾರಿಯಲ್ಲಿ ಸುಮಾರು 7 ಮೈಲಿಯ ನೇರ ರಸ್ತೆ ಇತ್ತು. 1939ರ ಆಗಸ್ಟಿನಲ್ಲಿ ಅಲ್ಲಿ ನಾಲ್ಕು ಸಿಲಿಂಡರಿನ, ಸೂಪರ್‌ಚಾರ್ಜರ್ ಇದ್ದ ಗಿಲೆರಾ ಮೇಲೆ ಡೊರಿನೊ ಸೆರಾಫಿನಿ ಗೆದ್ದಾಗ ಇಡೀ ರೇಸಿನ ಸರಾಸರಿಯೇ ಗಂಟೆಗೆ 97.85 ಮೈಲಿ, ಅಂದರೆ 157 ಕಿ.ಮೀ. ಮೀರಿತ್ತು. ಬೆಲ್ಜಿಯಮ್ಮಿನ ಸ್ಪಾದಲ್ಲೂ ಅದೇ ಬೇಸಿಗೆಯಲ್ಲಿ ಮೈಯರ್ ಒಂದು ಸುತ್ತಿನ ಸರಾಸರಿಯಲ್ಲಿ 100 ಮೈಲಿ ದಾಟಿದರು. ಮ್ಯಾನ್ ದ್ವೀಪದ ಇನ್ನೂರು ತಿರುವುಗಳಲ್ಲಿ ಅದೇ ಬಲಕ್ಕೆ ಅಷ್ಟು ಜಾಗ ಸಿಗಲಿಲ್ಲ. ವೆಲೊಸೆಟ್ ಕೂಡ ಸೂಪರ್‌ಚಾರ್ಜರ್ ಇರುವ ಎರಡು ಸಿಲಿಂಡರಿನ ಗಾಡಿಯೊಂದನ್ನು ಆ ವರ್ಷ ಟಿಟಿ ಅಭ್ಯಾಸಕ್ಕೆ ತಂದಿತ್ತು, ರೇಸಿಗೆ ಇಳಿಸಲಿಲ್ಲ. ಅದನ್ನು ರೂಪಿಸಿದವರು ಗೇರ್ ಕಂಡುಹಿಡಿದ ಅದೇ ಹೆರಾಲ್ಡ್ ವಿಲ್ಲಿಸ್. ಆ ಟಿಟಿ ನಡೆಯುತ್ತಿದ್ದಾಗಲೇ ಅವರು ಕಾಯಿಲೆಯಿಂದ ತೀರಿಕೊಂಡರು. ಅದೇ ವಾರ ಸ್ಟ್ಯಾನ್ಲಿ ವುಡ್ಸ್ ವೆಲೊಸೆಟ್ ಮೇಲೆ ಜೂನಿಯರ್ ಗೆದ್ದು ತಮ್ಮ ಹತ್ತನೆಯ ಟಿಟಿಯನ್ನು ಪಡೆದರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಸೂಪರ್‌ಚಾರ್ಜರನ್ನು ನಿಷೇಧಿಸಿದರು. ಆಗ ಸಿಗುತ್ತಿದ್ದ ಪೆಟ್ರೋಲ್ ಕೂಡ ಯುದ್ಧಕ್ಕೆ ಮುಂಚಿನದಕ್ಕಿಂತ ಕಳಪೆ. ಡ್ಯಾನಿಯಲ್ ದಾಖಲೆ ಹಾಗಾಗಿ ಬಹಳ ವರ್ಷ ಅಲ್ಲಾಡಲಿಲ್ಲ. ಅದನ್ನು ಮುರಿದವರು ಜೆಫ್ ಡ್ಯೂಕ್, 1950ರಲ್ಲಿ, 93.33 ಮೈಲಿ ವೇಗದಲ್ಲಿ. ಗಾಡಿ ಮತ್ತೆ ಒಂಟಿ ಸಿಲಿಂಡರಿನ ನಾರ್ಟನ್ನೇ. ಆ ವರ್ಷ ಅದರಲ್ಲಿ ದೊಡ್ಡದಾಗಿ ಬದಲಾಗಿದ್ದು ಚೌಕಟ್ಟು ಮತ್ತು ಹಿಂದಿನ ಚಕ್ರದ ಸ್ಪ್ರಿಂಗಿನ ವ್ಯವಸ್ಥೆ.